ಕೌಂಟರಿನಲ್ಲಿ ಕೂಗಿದ ಗುಟ್ಟು

"ಕಪ್ಪೆಚಿಪ್ಪು!"

"ಏನಂದ್ರಿ?"

"ಕಪ್ಪೆಚಿಪ್ಪು ರೀ! ಕಪ್ಪೆ! ಚಿಪ್ಪು!"

ಟೈಲರಮ್ಮ ಗಾಜಿನ ತೂತಿಗೆ ಬಾಯಿ ಹಚ್ಚಿ ಕೂಗಿದ ರಭಸಕ್ಕೆ ನೀರಿನ ಕಚೇರಿಯ ಇಡೀ ಹಾಲ್ ಅವರತ್ತ ತಿರುಗಿತು. ಬೆಂಚಿನ ಮೇಲೆ ತೂಕಡಿಸುತ್ತಿದ್ದ ಮುದುಕರೊಬ್ಬರು ಬೆಚ್ಚಿಬಿದ್ದು ತಮ್ಮ ಟೋಕನ್ ನೋಡಿಕೊಂಡರು. ಗಾಜಿನ ಆಚೆ ಕೂತ ಗುಮಾಸ್ತರು ಮಾತ್ರ ಏನೂ ಆಗದವರಂತೆ ತಲೆಯಾಡಿಸಿ ಕೀಲಿಮಣೆ ಕುಟ್ಟತೊಡಗಿದರು.

ಅವರ ತಲೆಯ ಮೇಲೆ, ನಗರಸಭೆಯವರು ಕೆಂಪು ಅಕ್ಷರದಲ್ಲಿ ಬರೆಸಿ ನೇತುಹಾಕಿದ ಬೋರ್ಡಿತ್ತು. ‘ನಿಮ್ಮ ಗುಟ್ಟಿನ ಪದವನ್ನು ಯಾರಿಗೂ ಹೇಳಬೇಡಿ.’

ಕಂಬದ ಮರೆಯಲ್ಲಿ ನಿಂತು ನಾನು ಉಗುರು ಕಚ್ಚುತ್ತಿದ್ದೆ. ಬೇರೆ ದಿನವಾಗಿದ್ದರೆ ನಗು ತಡೆಯಲಾಗುತ್ತಿರಲಿಲ್ಲ. ಇವತ್ತು ಹಾಲಿನಲ್ಲಿದ್ದ ಒಂದೊಂದೇ ಮುಖವನ್ನು ಅಳೆಯುತ್ತಿದ್ದೆ.

ಈ ಕಚೇರಿಯಲ್ಲಿ ಗುರುತು ರಕ್ಷಣಾ ವಿಭಾಗ ಅಂತ ಒಂದಿದೆ. ಅದರಲ್ಲಿರುವುದು ಒಂದು ಮೇಜು, ಎರಡು ಫೋನು, ಮತ್ತು ನಾನು. ಇನ್ನೊಬ್ಬರ ಹೆಸರಿನಲ್ಲಿ ನಲ್ಲಿ ಹಾಕಿಸಿಕೊಳ್ಳುವವರನ್ನು, ಇನ್ನೊಬ್ಬರ ಖಾತೆಯೊಳಗೆ ನುಸುಳುವವರನ್ನು ಹಿಡಿಯುವುದು ನನ್ನ ಕೆಲಸ. ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ಭೂತಗನ್ನಡಿ ಅನ್ನುತ್ತಾರೆ. ನನಗೇನೂ ಬೇಜಾರಿಲ್ಲ. ಬರೀ ಭೂತ ಅಂತ ಕರೆದಿಲ್ಲವಲ್ಲ, ಅಷ್ಟು ಸಾಕು.

ಟೈಲರಮ್ಮನ ಖಾತೆಯೊಳಗೆ ಎರಡು ವಾರದ ಹಿಂದೆ ಯಾರೋ ನುಸುಳಿದ್ದರು. ಅವರ ಹೆಸರು ಹೇಳಿಕೊಂಡು ಫೋನ್ ಮಾಡಿ, ಗುಟ್ಟಿನ ಪದ ಸರಿಯಾಗಿ ಒಪ್ಪಿಸಿ, ವಿಳಾಸ ಬದಲಾಯಿಸಿ, ಫೋನ್ ನಂಬರ್ ಬದಲಾಯಿಸಿ, ಕೊನೆಗೆ ‘ಆ ಮನೆ ನಲ್ಲಿ ಬಂದ್ ಮಾಡಿ’ ಎಂದಿದ್ದರು. ನಮ್ಮವರು ಹೋಗಿ ಬಂದ್ ಮಾಡಿಬಂದಿದ್ದರು.

ಬರೀ ನೀರಿನ ಮಾತಾಗಿದ್ದರೆ ಮತ್ತೆ ತಿರುಪಿದರೆ ಮುಗಿಯುತ್ತಿತ್ತು. ಆದರೆ ರಸ್ತೆ ಅಗಲ ಮಾಡಲು ಟೈಲರಮ್ಮನ ಗಲ್ಲಿಯನ್ನು ಪೂರ್ತಿ ಕೆಡವುತ್ತಾರೆ. ಮನೆ ಕಳೆದುಕೊಂಡವರಿಗೆ ನಗರಸಭೆ ಬದಲಿ ಮನೆ ಕೊಡುತ್ತದೆ. ಯಾರಿಗೆ? ನೀರಿನ ಖಾತೆ ಯಾರ ಹೆಸರಿನಲ್ಲಿದೆಯೋ ಅವರಿಗೆ. ಬೀಗದಕೈ ಎಲ್ಲಿಗೆ ಹೋಗುತ್ತದೆ? ಖಾತೆಯಲ್ಲಿರುವ ವಿಳಾಸಕ್ಕೆ. ಇವತ್ತು ಸಂಜೆ ಐದಕ್ಕೆ ಕಮಿಷನರ್ ಸಾಹೇಬರು ಸಹಿ ಹಾಕಿದರೆ, ಟೈಲರಮ್ಮ ತಮ್ಮ ಹೊಲಿಗೆ ಮೆಷಿನ್ನನ್ನು ಬೀದಿಗೆ ಇಳಿಸಬೇಕಾಗುತ್ತಿತ್ತು.

"ಸರ್, ಆ ಖಾತೆ ತಡೆಹಿಡೀರಿ," ಅಂತ ಬೆಳಿಗ್ಗೆ ಸಾಹೇಬರ ಹತ್ತಿರ ಜಗಳಕ್ಕೇ ನಿಂತಿದ್ದೆ.

"ಯಾವ ಸಾಕ್ಷಿ ಮೇಲೆ ತಡೀಲಿ?" ಅಂದಿದ್ದರು ಅವರು. "ಫೋನ್ ಮಾಡಿದವಳು ಕಳಿಸಿದ ಕಾಗದ ಎಲ್ಲಾ ಸರಿ ಇದೆ. ಪದಾನೂ ಸರಿ ಇದೆ. ನಮ್ಮ ನಿಯಮದ ಪ್ರಕಾರ ಅವಳೇ ಗಿರಾಕಿ. ನಿಮ್ಮ ಟೈಲರಮ್ಮನೇ ಸುಳ್ಳಿ ಅಲ್ಲ ಅಂತ ಹೇಗೆ ನಂಬೋದು?"

ಆ ಮಾತು ನನ್ನನ್ನು ಚುಚ್ಚಿತ್ತು. ಅದಕ್ಕೇ ಈ ಬಲೆ.

ತನಿಖೆಯಲ್ಲಿರುವ ಖಾತೆಗೆ ಹೊಸ ಗುಟ್ಟಿನ ಪದ ಕೂರಿಸುವ ಅಧಿಕಾರ ನನಗಿದೆ. ಕೂರಿಸಿದೆ. ಆ ಪದ ಗೊತ್ತಿದ್ದದ್ದು ನನಗೆ ಮತ್ತು ಟೈಲರಮ್ಮನಿಗೆ ಮಾತ್ರ. ಬಳಿಕ ಖಾತೆಯಲ್ಲಿದ್ದ ನಂಬರಿಗೆ, ಅಂದರೆ ಕಳ್ಳಿಯ ನಂಬರಿಗೆ, ಒಂದು ಸಂದೇಶ ಹೋಯಿತು: ‘ನಿಮ್ಮ ಪದ ಬದಲಾಗಿದೆ. ಐದು ಗಂಟೆಯೊಳಗೆ ಫೋನ್ ಮಾಡಿ ಹೊಸ ಪದ ಹೇಳಿ ಖಚಿತಪಡಿಸಿ.’ ಆಮೇಲೆ ಟೈಲರಮ್ಮನನ್ನು ಕೌಂಟರಿಗೆ ಕಳಿಸಿ, ಹೊಸ ಪದ ಅಂತ ಒಂದು ಸುಳ್ಳು ಪದ ಕೂಗಿಸಿದೆ. ಫೋನ್ ಮಾಡಿದವಳು ‘ಕಪ್ಪೆಚಿಪ್ಪು’ ಅಂದರೆ ಸಾಕು, ಅವಳು ಕದ್ದು ಕೇಳಿದ ಕಳ್ಳಿ ಅಂತ ಸಾಬೀತಾಗುತ್ತದೆ.

ಸಾಹೇಬರು ಇದಕ್ಕೆ ಒಪ್ಪಿದ್ದರು. "ಫೋನ್ ಬಂದಾಗ ನನಗೂ ಲೈನ್ ಕೊಡಿ. ನನ್ನ ಕಿವೀಲೇ ಕೇಳ್ಬೇಕು," ಎಂದಿದ್ದರು.

ಈಗ ಹಾಲಿನಲ್ಲಿ ಯಾರ ಕಿವಿ ನಿಮಿರುತ್ತದೆ ಅಂತ ನೋಡಬೇಕಿತ್ತು.

ಅನುಮಾನ ಇಬ್ಬರ ಮೇಲಿತ್ತು. ಒಬ್ಬ, ಮೂಲೆಯ ಝೆರಾಕ್ಸ್ ಮಾಮ. ಗಿರಾಕಿಗಳು ಗುರುತಿನ ಚೀಟಿಯ ನಕಲು ತೆಗೆಸಲು ಬಿಸಿಲಲ್ಲಿ ಅಲೆಯಬಾರದು ಅಂತ ನಗರಸಭೆಯೇ ಅವನಿಗೆ ಹಾಲಿನೊಳಗೆ ಜಾಗ ಕೊಟ್ಟಿದೆ. ಜನರ ಚೀಟಿ ಅವನ ಕೈಗೆ, ಜನರ ಗುಟ್ಟು ಅವನ ಕಿವಿಗೆ. ಇದಕ್ಕಿಂತ ಅನುಕೂಲ ಯಾವ ಕಳ್ಳನಿಗೆ ಸಿಕ್ಕೀತು? ಇನ್ನೊಬ್ಬ ಪ್ಲಂಬರ್. ರಸ್ತೆ ಅಗೆಯುವ ಪರವಾನಗಿಗೆ ಕಾಯುತ್ತೇನೆ ಅಂತ ಬೆಳಗಿನಿಂದ ಸಂಜೆವರೆಗೆ ಬೆಂಕಿಕಡ್ಡಿ ಕಚ್ಚಿಕೊಂಡು ಬೆಂಚು ಸವೆಸುವವನು.

ಝೆರಾಕ್ಸ್ ಮಾಮ ಮೆಷಿನ್ನಿನ ಮುಚ್ಚಳ ಮುಚ್ಚಿದ. ಪ್ಲಂಬರ್ ಬೆಂಕಿಕಡ್ಡಿಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿದ. ಇಬ್ಬರೂ ಎದ್ದರು. ಇಬ್ಬರೂ ಹೊರಗೆ ಹೋದರು.

ನನ್ನ ಕರ್ಮ! ಒಬ್ಬನಾದರೂ ಕೂತಿರಬಾರದಿತ್ತೇ?

ಕಿಟಕಿಯ ಬಳಿಗೆ ಓಡಿದೆ. ಪ್ಲಂಬರ್ ಯಾರದೋ ಸ್ಕೂಟರಿನ ಕನ್ನಡಿಗೆ ಬಗ್ಗಿ, ಇಲ್ಲದ ಕೂದಲನ್ನು ಬಾಚಿಕೊಳ್ಳುತ್ತಿದ್ದ. ಝೆರಾಕ್ಸ್ ಮಾಮ ಕಾಂಪೌಂಡ್ ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದ. ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದ. ಎರಡೇ ಮಾತು, ಫೋನ್ ಜೇಬಿಗೆ ಹೋಯಿತು. ಒಳಗೆ ಬಂದು ಮುಚ್ಚಳ ತೆಗೆದು, ಹಸಿರು ಬೆಳಕು ಹರಿಸಿ, ಯಾವುದೋ ಹಾಡು ಗುನುಗತೊಡಗಿದ.

ಅವನ ಕೊರಳಪಟ್ಟಿ ಹಿಡಿಯಲು ನನ್ನ ಕೈ ತುರಿಸಿತು. ತಡೆದುಕೊಂಡೆ. ಅವನು ಬರೀ ಬಾಲ, ತಲೆ ಆ ಫೋನಿನ ಆಚೆ ಇತ್ತು. ಬಾಗಿಲ ಬಳಿ ನಿಂತಿದ್ದ ಕಾವಲುಗಾರನಿಗೆ ಕಣ್ಣಲ್ಲೇ ಹೇಳಿದೆ, ಇವನನ್ನು ಇನ್ನು ಹೊರಗೆ ಬಿಡಬೇಡ ಅಂತ.

*

ಟೈಲರಮ್ಮನನ್ನು ನನ್ನ ಕೋಣೆಗೆ ಕರೆತಂದು ಕೂರಿಸಿದೆ. ಅರುವತ್ತರ ಆಸುಪಾಸಿನ ಹೆಂಗಸು. ಕೊರಳಿನಲ್ಲಿ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು, ತೆಗೆದಿಡುವುದನ್ನೂ ಮರೆತು ಬಂದಿದ್ದರು. ಕೂತವರೇ ಟೇಪಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

"ಚೆನ್ನಾಗಿ ಕೂಗಿದ್ರಿ ಅಮ್ಮ."

"ನಾಚಿಕೆ ಆಯ್ತು ಮೇಡಂ. ಈ ವಯಸ್ಸಲ್ಲಿ ಕಪ್ಪೆಚಿಪ್ಪು ಕಪ್ಪೆಚಿಪ್ಪು ಅಂತ..." ನಕ್ಕರು, ಆದರೆ ನಗು ತುಟಿಯಿಂದ ಮುಂದೆ ಹೋಗಲಿಲ್ಲ. "ಅವಳು ಸಿಕ್ಕಿದ್ರೆ ಏನ್ಮಾಡ್ತೀರಿ?"

"ಪೊಲೀಸರಿಗೆ ಒಪ್ಪಿಸ್ತೀವಿ."

"ಪೊಲೀಸ್ ಬೇಡ ಮೇಡಂ. ಮನೆ ಉಳಿದ್ರೆ ಸಾಕು ನನಗೆ."

ಇದನ್ನು ಅವರು ಹೇಳುತ್ತಿದ್ದದ್ದು ಮೊದಲ ಸಲವಲ್ಲ. ಕಳವಾದವರೆಲ್ಲ ಮೊದಲು ಕೇಳುವುದೇ ಪೊಲೀಸರನ್ನು. ಕಳ್ಳನ ಕೈಕಾಲು ಮುರಿಸಿ ಅಂತ ನನ್ನ ಮೇಜು ಗುದ್ದಿದವರೂ ಇದ್ದಾರೆ. ಇವರು ಮಾತ್ರ ಕಳ್ಳಿಯ ಮೇಲೆ ಸಿಟ್ಟೇ ಇಲ್ಲದವರಂತೆ ಕೂತಿದ್ದರು.

ನನ್ನೊಳಗೆ ಇನ್ನೂ ಒಂದು ಮುಳ್ಳು ಆಡುತ್ತಿತ್ತು. ಖಾತೆಯಲ್ಲಿ ಯಾವ ಬದಲಾವಣೆ ಆದರೂ ಹಳೆಯ ವಿಳಾಸಕ್ಕೆ ನಾವು ಒಂದು ಪತ್ರ ಕಳಿಸುತ್ತೇವೆ: ಇದನ್ನು ಮಾಡಿದ್ದು ನೀವಲ್ಲದಿದ್ದರೆ ಕೂಡಲೇ ತಿಳಿಸಿ. ಟೈಲರಮ್ಮನಿಗೂ ಹೋಗಿತ್ತು. ಅವರು ತಿಳಿಸಲಿಲ್ಲ. ನಲ್ಲಿ ಒಣಗಿ, ಪಕ್ಕದ ಮನೆಯವರು ಕೈಹಿಡಿದು ಎಳೆದುಕೊಂಡು ಬಂದ ಮೇಲೇ ನನ್ನೆದುರು ಕೂತದ್ದು.

"ಆ ಪತ್ರ ಬಂದ ದಿನವೇ ಯಾಕೆ ಬರ್ಲಿಲ್ಲ ಅಮ್ಮ?"

"ಹೇಳಿದ್ನಲ್ಲ ಮೇಡಂ. ಕಣ್ಣು ಮಂಜು. ಓದೋಕಾಗ್ಲಿಲ್ಲ."

ಮಾತಾಡುತ್ತಲೇ ಅವರ ಕೈ ರವಿಕೆಗೆ ಸಿಕ್ಕಿಸಿದ್ದ ಸೂಜಿಯನ್ನು ಕಿತ್ತುಕೊಂಡಿತು. ಸೆರಗಿನ ಅಂಚು ಬಿಟ್ಟುಹೋಗಿತ್ತು. ಸೀರೆಯಿಂದಲೇ ಒಂದು ಎಳೆ ಎಳೆದು, ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ಪೋಣಿಸಿ, ಅಂಚು ಹೊಲಿಯತೊಡಗಿದರು.

ಮಂಜಾದ ಕಣ್ಣು! ನನಗಿಂತ ಚುರುಕಾಗಿದೆ.

ಯಾಕೆ ಸುಳ್ಳು ಹೇಳುತ್ತಿದ್ದಾರೆ? ಕೇಳಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಒಂಟಿ ಹೆಂಗಸು, ಸರ್ಕಾರಿ ಮುದ್ರೆಯ ಪತ್ರ ಕಂಡು ಹೆದರಿ ಮಡಚಿಟ್ಟಿರಬಹುದು. ಹೆದರಿದವರು ಹೇಳುವ ಸುಳ್ಳೇ ಬೇರೆ, ಕಳ್ಳರು ಹೇಳುವ ಸುಳ್ಳೇ ಬೇರೆ. ನನಗೆ ಆ ವ್ಯತ್ಯಾಸ ಗೊತ್ತು ಅಂತ ನನ್ನ ಜಂಬ.

ಆದರೂ ಕೂತಲ್ಲಿ ಕೂರಲಾಗಲಿಲ್ಲ. ಎದ್ದೆ, ಬೀರು ತೆಗೆದೆ, ಆ ಖಾತೆಯ ಕಾಗದಗಳನ್ನು ಎಷ್ಟನೆಯದೋ ಸಲ ಮೇಜಿನ ಮೇಲೆ ಹರಡಿದೆ. ಕಳ್ಳಿ ಕಳಿಸಿದ ಅರ್ಜಿ. ಗುರುತಿನ ಚೀಟಿ. ಎಂಥ ಜಾಣ ಕಳ್ಳನೂ ಎಲ್ಲೋ ಒಂದು ಕಡೆ ಎಡವಿರುತ್ತಾನೆ, ಒಂದು ದಿನಾಂಕ, ಒಂದು ಅಕ್ಷರ. ಇಲ್ಲಿ ಎಡವಿದ ಗುರುತೇ ಇರಲಿಲ್ಲ. ನನ್ನನ್ನು ನಿದ್ದೆಗೆಡಿಸಿದ್ದೇ ಅದು. ಸಹಿಯಂತೂ ಮೂವತ್ತು ವರ್ಷದ ಹಿಂದೆ ನಲ್ಲಿ ಹಾಕಿಸಲು ಕೊಟ್ಟ ಮೊದಲ ಅರ್ಜಿಯ ಸಹಿಗೆ ಅಚ್ಚೊತ್ತಿದಂತಿತ್ತು. ಅಡ್ಡಾದಿಡ್ಡಿಯಾಗಿದ್ದದ್ದು ನಮ್ಮ ಟೈಲರಮ್ಮನ ಸಹಿ.

"ಬೆರಳು ಸೆಟೆದುಕೊಂಡಿದೆ ಮೇಡಂ," ಎಂದಿದ್ದರು ಮೊದಲ ದಿನ. ನಾನೂ ನಂಬಿದ್ದೆ. ಜೀವಮಾನವೆಲ್ಲ ಕತ್ತರಿ ಹಿಡಿದ ಕೈ.

"ಅಮ್ಮ, ಬೆಳಿಗ್ಗೆ ನೀವು ಕೊಟ್ಟ ನಿಜವಾದ ಪದ... ಅದನ್ನ ಬೇರೆ ಯಾರಿಗೂ ಹೇಳಿಲ್ಲ ತಾನೆ? ಪಕ್ಕದ ಮನೆಯವರಿಗೆ?"

ಟೈಲರಮ್ಮ ಹಲ್ಲಿನಲ್ಲಿ ಎಳೆ ಕಡಿದರು.

"ಅದನ್ನ ಬಲ್ಲೋರು ನನ್ನ ಬಿಟ್ಟು ಯಾರೂ ಬದುಕಿಲ್ಲ ಮೇಡಂ."

ಅದಕ್ಕಿಂತ ಭದ್ರವಾದ ಬೀಗ ಇನ್ನೇನು ಬೇಕು? ‘ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಪದ ಹೇಳಿ’ ಅಂತ ಬೆಳಿಗ್ಗೆ ಕೇಳಿದಾಗ ಅವರು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಿದ್ದರು. ಆಮೇಲೆ ನನ್ನ ಕಿವಿಯಲ್ಲಿ ಹೇಳಿದ ಪದ ಕೇಳಿ ನಾನು ನಕ್ಕಿದ್ದೆ. ‘ಕಂಬಳಿ ಕಳ್ಳಿ.’ ಇದೆಂಥದು ಅಂದರೆ, ‘ಚಿಕ್ಕಂದಿನದು, ಬಿಡಿ’ ಅಂದಿದ್ದರು.

*

ಐದಾಗಲು ಇನ್ನೂ ಹೊತ್ತಿತ್ತು. ಫೋನ್ ಬಡಿದುಕೊಳ್ಳುತ್ತಿರಲಿಲ್ಲ. ನನಗೋ ಪಾದದಲ್ಲಿ ಇರುವೆ ಹರಿದಂತೆ. ಆ ಹೊತ್ತಿನಲ್ಲಿ ಇನ್ನೊಂದು ಲೆಕ್ಕ ಚುಕ್ತಾ ಮಾಡೋಣವೆಂದು ಕೌಂಟರಿನ ಹಿಂದಕ್ಕೆ ಹೋದೆ.

ಗುಮಾಸ್ತರ ಅಡ್ಡಹೆಸರು ‘ಏನಂದ್ರಿ’. ಯಾರು ಬಂದು ಏನು ಹೇಳಿದರೂ ಅವರ ಬಾಯಿಂದ ಮೊದಲು ಹೊರಡುವ ಮಾತು ಅದೇ. ಅವರ ಮುಂದಿನ ಸಾಲು ಎಲ್ಲಕ್ಕಿಂತ ಉದ್ದ. ಯಾರ ಮಗಳಿಗೆ ಮದುವೆ, ಯಾರ ಮೊಣಕಾಲು ನೋವು, ಎಲ್ಲ ವಿಚಾರಿಸಿಯೇ ರಸೀದಿ ಕೊಡುವ ಮನುಷ್ಯ. ಎಲ್ಲರಿಗೂ ಅಚ್ಚುಮೆಚ್ಚು, ನನಗೂ.

ಅವರ ಎಡಗಡೆ, ಬೆನ್ನಿಗೆ ಹತ್ತಿರ ನಿಂತು, ಮಾಮೂಲಿ ದನಿಯಲ್ಲಿ ಹೇಳಿದೆ:

"ನಿಮ್ಮ ಪ್ಯಾಂಟಿಗೆ ಬೆಂಕಿ ಹತ್ತಿದೆ."

ಗುಮಾಸ್ತರು ಶಾಂತವಾಗಿ ರಸೀದಿಗೆ ಮುದ್ರೆ ಒತ್ತಿದರು.

"ಉರೀತಾ ಇದೆ ರೀ."

ಇನ್ನೊಂದು ಮುದ್ರೆ.

ಸುತ್ತಿ ಬಲಗಡೆಗೆ ಹೋಗಿ ನಿಂತೆ. ಈಗ ಅವರು ಮುಖವೆತ್ತಿ ನಕ್ಕರು. "ಓ ಮೇಡಂ! ಯಾವಾಗ ಬಂದ್ರಿ?"

"ಬನ್ನಿ ಈಚೆ. ಮಾತಾಡೋದಿದೆ."

ಹಿಂದಿನ ಉಗ್ರಾಣದಲ್ಲಿ ಹಳೇ ಮೀಟರುಗಳ ರಾಶಿಯ ಪಕ್ಕ ನಿಲ್ಲಿಸಿಕೊಂಡೆ. ಬಾಗಿಲು ಮುಚ್ಚಿದೆ.

"ಎಡಗಿವಿ ಹೋಗಿ ಎಷ್ಟು ದಿನ ಆಯ್ತು?"

"ಏನಂದ್ರಿ?"

"ನಾಟಕ ಬೇಡ ಸರ್."

ಅವರ ಮುಖದ ಬಣ್ಣ ಇಳಿಯಿತು. ಮೀಟರೊಂದನ್ನು ಕೈಗೆತ್ತಿಕೊಂಡು ಧೂಳು ಒರೆಸಿದರು, ಕೆಳಗಿಟ್ಟರು.

"ಹೋದ ವರ್ಷ ಜ್ವರ ಬಂತಲ್ಲ, ಆವಾಗಿಂದ. ಬಲಗಿವಿ ಕೇಳ್ಸುತ್ತೆ ಮೇಡಂ, ಅರ್ಧಂಬರ್ಧ."

"ಅದಕ್ಕೇ ಜನ ಕೂಗ್ತಾರೆ. ಗುಟ್ಟಿನ ಪದವನ್ನ, ಎಲ್ಲರ ಮುಂದೆ, ನಿಮಗೋಸ್ಕರ! ಆ ಪದ ಇಟ್ಟಿದ್ದು ಯಾಕೆ? ಕಳ್ಳರಿಂದ ಜನರನ್ನ ಕಾಪಾಡೋಕೆ. ನೀವು ಅದನ್ನ ದಿನಾ ಹಾಲ್ ತುಂಬ ಹರಾಜು ಹಾಕಿಸ್ತಿದ್ದೀರಿ."

"ನನಗದು ಹೊಳೀಲೇ ಇಲ್ಲ ಮೇಡಂ! ದೇವರಾಣೆ!" ಅವರು ಬಲಗಿವಿ ಮುಟ್ಟಿಕೊಂಡರು. "ನನಗೆ ಮೆಲ್ಲಗೆ ಕೇಳ್ಸುತ್ತಲ್ಲ, ಅವರು ಮೆಲ್ಲಗೇ ಹೇಳ್ತಿದ್ದಾರೆ ಅಂತ ಅಂದ್ಕೊಂಡೆ."

ಬೈಯಬೇಕೆಂದೇ ಬಂದಿದ್ದೆ. ಪಾಪ, ಅನ್ನಿಸಿಬಿಟ್ಟಿತು. ಇಡೀ ಊರಿನ ಗುಟ್ಟುಗಳು ಅವರಿಗೆ ಪಿಸುಮಾತಿನಂತೆ ಕೇಳಿಸುತ್ತಿದ್ದವು. ಬೇರೆಯವರಿಗೆ ಹೇಗೆ ಕೇಳುತ್ತದೆಂದು ಅವರಿಗೆ ಹೇಗೆ ಗೊತ್ತಾಗಬೇಕು?

"ಯಾರಿಗಾದ್ರೂ ಹೇಳ್ಬೇಕಿತ್ತು."

"ಹೇಳಿದ್ರೆ ಇಲ್ಲಿಗೆ ಹಾಕ್ತಾರೆ, ಈ ಉಗ್ರಾಣಕ್ಕೆ. ಇಲ್ಲಿ ಯಾರ್ ಬರ್ತಾರೆ ಮೇಡಂ? ಮನೇಲೂ ಒಬ್ಬನೇ, ಇಲ್ಲೂ ಒಬ್ಬನೇ ಆದ್ರೆ ತಲೆ ಕೆಡುತ್ತೆ ನನಗೆ." ಕಣ್ಣೊರೆಸಿಕೊಂಡರು. "ಟೈಲರಮ್ಮನ ಮನೆ ನನ್ನಿಂದ ಹೋಗುತ್ತಾ?"

"ಹೋಗಬಾರದು ಅಂತಾನೇ ಒದ್ದಾಡ್ತಿದ್ದೀನಿ."

"ಒಳ್ಳೆಯೋರು ಅವರು. ಪಾಪ, ಅವರದೂ ನನ್ನ ಥರಾನೇ ಕಿವಿ ಮಂದ."

"ಯಾರದು?"

"ಟೈಲರಮ್ಮನದು. ಹೆಸರು ಹಿಡಿದು ಕೂಗಿದ್ರೆ ತಿರುಗೋದೇ ಇಲ್ಲ. ಎರಡು ಸಲ, ಮೂರು ಸಲ ಕೂಗ್ಬೇಕು. ಪಕ್ಕದೋರು ತಿವಿದ ಮೇಲೆ ‘ಹಾಂ, ನಾನೇ ನಾನೇ’ ಅಂತ ಓಡಿ ಬರ್ತಾರೆ."

"ನಾನು ಮೆಲ್ಲಗೆ ಮಾತಾಡಿದ್ರೂ ಅವರಿಗೆ ಕೇಳ್ಸುತ್ತಲ್ಲ?"

"ಅದೇ ವಿಚಿತ್ರ ಮೇಡಂ. ಟೋಕನ್ ನಂಬರ್ ಕೂಗಿದ್ರೆ ಒಂದೇ ಸಲಕ್ಕೆ ಎದ್ದು ಬರ್ತಾರೆ. ಹೆಸರಿಗೆ ಮಾತ್ರ..."

ಅವರ ಮಾತು ಮುಗಿಯುವ ಮೊದಲೇ ನನ್ನ ಕೋಣೆಯ ಫೋನು ಹೊಡೆದುಕೊಂಡಿತು.

*

ಓಡಿದೆ. ಕುರ್ಚಿ ಎಡವಿದೆ. ಇಂಟರ್‌ಕಾಮಿನಲ್ಲಿ ಸಾಹೇಬರಿಗೆ ಲೈನ್ ಕೊಟ್ಟು, ಸ್ಪೀಕರಿನ ದನಿ ತಗ್ಗಿಸಿ, ಟೈಲರಮ್ಮನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಟೇಪನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

"ನೀರು ಸರಬರಾಜು ಕಚೇರಿ. ಹೇಳಿ."

"ಪದ ಖಚಿತಪಡಿಸಬೇಕಂತೆ, ಸಂದೇಶ ಬಂದಿತ್ತು."

ಹೆಂಗಸಿನ ದನಿ. ವಯಸ್ಸಾದದ್ದು, ಸ್ವಲ್ಪ ಒಡೆದದ್ದು. ಹೆದರಿಕೆ ಇರಲಿಲ್ಲ. ತನ್ನ ಹೆಸರು ಅಂತ ಟೈಲರಮ್ಮನ ಹೆಸರನ್ನು ಪೂರ್ತಿಯಾಗಿ ಹೇಳಿತು. ಎಷ್ಟೋ ವರ್ಷ ಉಟ್ಟು ಮೆತ್ತಗಾದ ಸೀರೆಯಂತೆ ಆ ಹೆಸರು ಆ ಬಾಯಿಗೆ ಒಗ್ಗಿತ್ತು.

ಎದುರಿಗೆ ಟೈಲರಮ್ಮ ನೆಟ್ಟಗಾದರು.

"ಹೊಸ ಪದ ಹೇಳಿ."

"ಕಪ್ಪೆಚಿಪ್ಪು."

ಸಿಕ್ಕಿಬಿದ್ದಳು! ಕುಣಿಯುವುದೊಂದು ಬಾಕಿ. ಇಂಟರ್‌ಕಾಮಿನಿಂದ ಸಾಹೇಬರು ಕೆಮ್ಮಿದ್ದು ಕೇಳಿಸಿತು. ಅವರೂ ಕೇಳಿಸಿಕೊಂಡಿದ್ದರು. ಝೆರಾಕ್ಸ್ ಮಾಮನ ಹಾಡು ಇನ್ನು ಠಾಣೆಯಲ್ಲಿ.

ಇನ್ನೂ ಸ್ವಲ್ಪ ಹೊತ್ತು ಮಾತಾಡಿಸಿದರೆ ಎಲ್ಲಿಂದ ಮಾತಾಡುತ್ತಿದ್ದಾಳೆ ಅಂತ ತಿಳಿಯಬಹುದಿತ್ತು. ಅದಕ್ಕೇ ನಿಯಮ ಒಪ್ಪಿಸಿದೆ.

"ತಪ್ಪು ಪದ. ನಿಮಗೆ ಇನ್ನೊಂದು ಅವಕಾಶ ಇದೆ."

ಆಚೆ ಕಡೆ ಯಾವುದೋ ಹಳೆಯ ಫ್ಯಾನ್ ಕಿರುಗುಟ್ಟುತ್ತಿತ್ತು.

"ತಪ್ಪಾ? ಹಾಗಾದ್ರೆ ಕೌಂಟರಲ್ಲಿ ಕೂಗಿದ್ದು ಸುಳ್ಳು." ಸದ್ದಿಲ್ಲದೆ ನಕ್ಕಂತಾಯಿತು. "ನಿಜವಾದ ಪದ ಇಟ್ಟಿದ್ದು ಯಾರು? ನೀವಾ, ಅವಳಾ?"

ನಾನು ಸ್ಪೀಕರಿನತ್ತ ಬಾಗಿದೆ.

"ಅವಳೇ ಇಟ್ಟಿರ್ತಾಳೆ. ಯಾರಿಗೂ ಗೊತ್ತಿಲ್ಲದ್ದು ಇಡು ಅಂತ ನೀವು ಹೇಳಿರ್ತೀರಿ. ಅಂಥದ್ದು ಅವಳ ಹತ್ರ ಇನ್ನೇನಿದೆ?" ದನಿ ಮೆತ್ತಗಾಯಿತು. "ಬರ್ಕೊಳ್ಳಿ. ಕಂಬಳಿ ಕಳ್ಳಿ."

ಪರದೆಯ ಮೇಲಿದ್ದ ಪದವನ್ನು ಇನ್ನೊಮ್ಮೆ ಓದಿದೆ, ಅದೇ.

"ಪಕ್ಕದಲ್ಲೇ ಇದ್ದಾಳಲ್ವಾ? ಪುಟ್ಟೀ, ಈಗ್ಲೂ ಹಾಗೇ ಕಂಬಳಿ ಎಳ್ಕೊಂಡು ಮಲಗ್ತೀಯಾ? ನಾನು ಬರೀ ಮೈಯಲ್ಲಿ ನಡುಗ್ತಾ ಇರ್ತಿದ್ದೆ, ನಿನಗೆ ಅರಿವೇ ಇರ್ತಿರ್ಲಿಲ್ಲ. ನೀರು ನಿಲ್ಲಿಸಿದ್ರೆ ಆದ್ರೂ ಮನೆಯಿಂದ ಹೊರಗೆ ಬಂದು ಜಗಳಕ್ಕೆ ನಿಲ್ತೀಯ ಅಂದ್ಕೊಂಡೆ."

ಮ್ಯೂಟ್ ಗುಂಡಿ ಒತ್ತಿದೆ. ಎರಡೂ ಫೋನಿನ ಮ್ಯೂಟ್ ಒತ್ತಿದೆ.

"ಯಾರು ಇವಳು?"

ಟೈಲರಮ್ಮನ ಮುಖ ಬಿಳಿಚಿತ್ತು. ನೀರಿನ ಲೋಟ ಕೊಟ್ಟೆ. ಹಿಡಿದುಕೊಂಡರು, ಕುಡಿಯಲಿಲ್ಲ.

"ಅಕ್ಕ," ಅಂದರು ಕೊನೆಗೆ. "ನನ್ನ ಅಕ್ಕ. ಬದುಕಿದ್ದಾಳೆ."

"ಅವರ ಬಾಯಲ್ಲಿ ನಿಮ್ಮ ಹೆಸರು ಯಾಕೆ?"

"ಅದು ಅವಳದೇ ಹೆಸರು ಮೇಡಂ."

ಸೂಜಿಯ ಕಣ್ಣು, ಅಡ್ಡಾದಿಡ್ಡಿ ಸಹಿ, ಹೆಸರು ಕೂಗಿದರೆ ತಿರುಗದ ತಲೆ. ಎರಡು ವಾರದಿಂದ ನನ್ನ ಕಣ್ಣೆದುರೇ ಎಲ್ಲ ಇತ್ತು. ಭೂತಗನ್ನಡಿ ಅಂತೆ! ನಾಚಿಕೆಯಾಗಬೇಕು ನನಗೆ.

"ದೋಣಿ ಮುಳುಗ್ತು," ಟೈಲರಮ್ಮ ಹೇಳುತ್ತಾ ಹೋದರು, ಟೇಪನ್ನೇ ನೋಡುತ್ತಾ. "ಇಬ್ಬರೂ ಅದರಲ್ಲಿದ್ವಿ. ನನಗೆ ಎಚ್ಚರ ಆದಾಗ ಆಸ್ಪತ್ರೆ. ಅಕ್ಕನ ಚೀಲ ನನ್ನ ತೋಳಲ್ಲಿ ಸಿಕ್ಕಿಕೊಂಡಿತ್ತಂತೆ. ನರ್ಸು ಅವಳ ಹೆಸರು ಹಿಡಿದು ಕರೆದಳು. ನಾನು ಹೂಂ ಅಂದೆ. ಮನೆ ಅವಳದು, ಮೆಷಿನ್ನು ಅವಳದು. ಗಂಡ ಓಡಿಸಿದ ನನಗೆ ಹೋಗೋಕೆ ಒಂದು ಮೂಲೆ ಇರ್ಲಿಲ್ಲ. ಆಮೇಲೆ ಒಂದು ಹೆಣ ಸಿಕ್ತು, ಗುರುತು ಹಿಡಿಯೋ ಹಾಗಿರ್ಲಿಲ್ಲ. ತಂಗಿ ಅಂತ ಬರೆದು ನನ್ನ ಹೆಸರಲ್ಲಿ ಮಣ್ಣು ಮಾಡಿದ್ರು. ನಾನೇ ನಿಂತು ನೋಡಿದೆ."

"ಆ ಪತ್ರ ಬಂದಾಗ..."

"ಯಾರೋ ಕಳ್ಳರು ಅಂದ್ಕೊಂಡೆ. ಕಳ್ಳರನ್ನ ಹುಡುಕೋಕೆ ಹೋದ್ರೆ ನೀವು ನನ್ನನ್ನೂ ಹುಡುಕಿಬಿಡ್ತೀರಿ ಅಂತ ಹೆದರಿದೆ."

ಅಷ್ಟರಲ್ಲಿ ಇಂಟರ್‌ಕಾಮಿನ ಕೆಂಪು ದೀಪ ಮಿನುಗತೊಡಗಿತು. ಒತ್ತಿದೆ. ಮ್ಯೂಟ್ ಹಾಗೇ ಇತ್ತು, ನಮ್ಮ ಮಾತು ಆಚೆಗೆ ಕೇಳುತ್ತಿರಲಿಲ್ಲ. ಸಾಹೇಬರ ದನಿ ಅವಸರದಲ್ಲಿತ್ತು.

"ಮೇಡಂ, ಪಟ್ಟಿ ನನ್ನ ಮುಂದಿದೆ, ಪೆನ್ನು ಕೈಲಿದೆ. ಅದೇನೋ ಕಂಬಳಿ ಅಂದಳಲ್ಲ, ಅದು ಸರೀನಾ ತಪ್ಪಾ? ತಪ್ಪಾದ್ರೆ ಈಗಲೇ ಪೊಲೀಸರನ್ನ ಕಳಿಸ್ತೀನಿ. ಸರಿ ಇದ್ರೆ ಅವಳಿಗೇ ಮನೆ. ನೀವು ಹೇಳಿದ್ದೇ ಕೊನೆ."

ನಿಜವಾದ ಪದ ನನ್ನ ಪರದೆಯ ಮೇಲೆ ನನಗೊಬ್ಬಳಿಗೆ ಕಾಣುವಂತೆ ಕೂತಿತ್ತು. ಅವಳ ಉತ್ತರ ಸರಿಯೆಂದು ಖಾತ್ರಿಯಾಗಿ ಬಲ್ಲವರು ಈ ಕೋಣೆಯಲ್ಲಿದ್ದ ನಾವಿಬ್ಬರೇ. ಸ್ಪೀಕರಿನಲ್ಲಿ ಆ ಹಳೆಯ ಫ್ಯಾನ್ ಕಿರುಗುಟ್ಟುತ್ತಲೇ ಇತ್ತು. ಇಷ್ಟು ವರ್ಷ ಎಲ್ಲಿದ್ದಳೋ, ಆ ಅಕ್ಕ ಕಾಯುತ್ತಿದ್ದಳು.

ಟೈಲರಮ್ಮ ಮೇಜಿನ ಆಚೆಯಿಂದ ಬಾಗಿ ನನ್ನ ಮಣಿಕಟ್ಟು ಹಿಡಿದರು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು.

"ತಪ್ಪು ಅಂದುಬಿಡಿ ಮೇಡಂ," ಅಂದರು. "ಅವಳು ಅವಳೇ ಅಂತ ಆದ್ರೆ, ನಾನು ಯಾರು? ನಾನು ಸತ್ತು ಇಪ್ಪತ್ತೆರಡು ವರ್ಷ ಆಯ್ತು. ಸತ್ತೋರಿಗೆ ಯಾವ ನಗರಸಭೆ ಮನೆ ಕೊಡುತ್ತೆ?"

"ಮೇಡಂ?" ಅಂದರು ಸಾಹೇಬರು. "ಸರೀನಾ, ತಪ್ಪಾ?"

ನಾನು ಮ್ಯೂಟ್ ತೆಗೆದೆ.